ಒದ್ದೆ ನೆಲದ ಸಾಕ್ಷಿ

ದೊಡ್ಡಕ್ಕ ರಾಜಿ ಮಾಡಿಕೊಳ್ಳಲು ಹೋದ ದಿನ ಮೊದಲು ಅವಳ ಕೈಗೆ ಸಿಕ್ಕಿದ್ದು ಬಕೆಟ್ಟು.

ನಾಲ್ಕನೇ ಮಹಡಿ. ಗಾಜಿನ ಬಾಗಿಲು. ಬಾಗಿಲ ಮೇಲೆ ‘ಗ್ರಾಹಕ ವ್ಯಾಜ್ಯ ಸಂಧಾನ ಕೇಂದ್ರ’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಒಳಗೆ ಮೇಜು ಹಾಕಿಕೊಂಡು ಕೂತಿದ್ದ ಗುಮಾಸ್ತ ಅವಳ ಮುಖ ನೋಡಲಿಲ್ಲ, ಬಟ್ಟೆ ನೋಡಿದ. ಅಷ್ಟೇ ಸಾಕಾಯಿತು ಅವನಿಗೆ.

“ಬರೋ ಹೊತ್ತಾ ಇದು? ಬಕೆಟ್ ತಗೋ. ಮೊದಲು ಎರಡನೇ ಬಾತ್‌ರೂಮ್ ನೋಡು, ವಾಸನೆ ಬರ್ತಿದೆ” ಅಂದವನೇ ಪಕ್ಕದಲ್ಲಿದ್ದ ಬಕೆಟ್ಟನ್ನು ಎತ್ತಿ ಅವಳ ಮುಂದೆ ಹಿಡಿದ.

ದೊಡ್ಡಕ್ಕ ಇಸಿದುಕೊಂಡಳು. ಮೂವತ್ತು ವರ್ಷದ ಅಭ್ಯಾಸ. ಬಕೆಟ್ಟು ಎದುರಿಗೆ ಬಂದರೆ ಕೈ ಯಾರನ್ನೂ ಕೇಳುವುದಿಲ್ಲ, ತಾನಾಗಿ ಹೋಗುತ್ತದೆ.

“ಅತ್ತಿಗೆ, ಇಡು ಅದನ್ನ ಕೆಳಗೆ.”

ಹೀಗೆ ಹೇಳಿದವಳು ಹಿಂದೆ ಭಾರದ ಚೀಲ ಹೊತ್ತು ಏದುಸಿರು ಬಿಡುತ್ತಾ ಬಂದ ಅವಳ ನಾದಿನಿ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು. ತಪ್ಪಲೆ ಸೌಟುಗಳ ಸದ್ದಿನ ಮೇಲೆ ಕೂಗಿ ಕೂಗಿ ಅವಳ ಗಂಟಲಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು. “ಸ್ವಾಮಿ, ಇವರು ಬಾತ್‌ರೂಮ್ ತೊಳೆಯೋಕೆ ಬಂದಿಲ್ಲ. ಹತ್ತೂವರೆಗೆ ಇವರ ಕೇಸಿದೆ. ಪಟ್ಟಿ ನೀವು ಓದ್ತೀರೋ, ನಾನೇ ಓದ್ಲೋ?”

ಗುಮಾಸ್ತ ಪಟ್ಟಿ ನೋಡಿದ. ಮುಖ ಹುಳ್ಳಗೆ ಮಾಡಿಕೊಂಡ. ಆದರೂ ಬಕೆಟ್ಟನ್ನು ಅವಳ ಕೈಯಿಂದ ವಾಪಸು ಇಸಿದುಕೊಳ್ಳಲಿಲ್ಲ. ದೊಡ್ಡಕ್ಕನೇ ಬಗ್ಗಿ ಕೆಳಗಿಟ್ಟಳು, ಸದ್ದಾಗದ ಹಾಗೆ.

ಕೇಸು ಇಷ್ಟು. ದೊಡ್ಡಕ್ಕ ಆಫೀಸುಗಳ ನೆಲ ಒರೆಸುವವಳು. ಕಂಟ್ರಾಕ್ಟರ್ ಕೋಲು ಕೊಡುತ್ತಾನೆ, ಬಟ್ಟೆ ಕೊಡುತ್ತಾನೆ. ನೆಲಕ್ಕೆ ಹಾಕುವ ದ್ರಾವಣ ಮಾತ್ರ ಒರೆಸುವವರೇ ತರಬೇಕು. ಯಾಕೆ ಅಂದರೆ ಯಾವತ್ತಿಂದಲೂ ಹಾಗೇ ಅನ್ನುತ್ತಾನೆ. ಆರು ತಿಂಗಳ ಹಿಂದೆ ಅವಳು ಅಂಗಡಿಯಿಂದ ಒಂದು ಹೊಸ ಕ್ಯಾನು ತಂದಳು. ನೀಲಿ ದ್ರಾವಣ, ಐದು ಲೀಟರ್. ಮೇಲೊಂದು ಚಿತ್ರ: ಬೆಳ್ಳಗಿನ ಹೆಂಗಸೊಬ್ಬಳು ಬರಿಗೈಯಲ್ಲಿ ನೆಲ ಒರೆಸುತ್ತಾ ಹಲ್ಲು ಬಿಟ್ಟು ನಗುತ್ತಿದ್ದಾಳೆ. ನೆಲ ಒರೆಸುತ್ತಾ ಅಷ್ಟು ನಗುವವರನ್ನು ದೊಡ್ಡಕ್ಕ ಜನ್ಮದಲ್ಲಿ ನೋಡಿರಲಿಲ್ಲ. ಕೆಳಗೆ ‘ಕೈಗೆ ಹೂವಿನಷ್ಟು ಮೃದು’ ಅಂತ ಬರೆದಿದೆ ಎಂದು ನಾದಿನಿ ಓದಿ ಹೇಳಿದಳು. ಒಂದು ಬಕೆಟ್ಟಿಗೆ ಒಂದು ಮುಚ್ಚಳ ಹಾಕಬೇಕು ಅಂತಲೂ ಓದಿದಳು.

ದೊಡ್ಡಕ್ಕ ಒಂದೇ ಮುಚ್ಚಳ ಹಾಕಿದಳು. ಬಟ್ಟೆ ಅದ್ದಿದಳು, ಹಿಂಡಿದಳು. ದಿನಕ್ಕೆ ಮುನ್ನೂರು ಸಲ ಅದ್ದಬೇಕು, ಮುನ್ನೂರು ಸಲ ಹಿಂಡಬೇಕು. ಮೊದಲ ದಿನ ಕೈ ಉರಿಯಿತು. ಎರಡನೇ ದಿನ ಬೊಬ್ಬೆ ಎದ್ದಿತು. ಮೂರನೇ ದಿನ ಬಟ್ಟೆ ಹಿಂಡುವಾಗ ಅಂಗೈಯ ಚರ್ಮ ಬಟ್ಟೆಯ ಜೊತೆಗೇ ಬಂತು. ಅವಳು ಅದನ್ನು ನೋಡಿದಳು. ಉಳಿದ ಎರಡು ಕೋಣೆ ಒರೆಸಿ ಆಮೇಲೆ ಆಸ್ಪತ್ರೆಗೆ ಹೋದಳು.

ಕಂಪನಿಗೆ ಕಾಗದ ಬರೆಸಿದರೆ ಉತ್ತರ ಬಂತು. ಒಂದೇ ಸಾಲು: ಬಳಕೆದಾರರ ಅಜಾಗರೂಕತೆ. ಕಂಟ್ರಾಕ್ಟರ್ ಆ ಒಂದು ಸಾಲನ್ನು ಹಿಡಿದು ಜೋತುಬಿದ್ದ. “ಅಜಾಗರೂಕ ಹೆಂಗಸನ್ನ ಹೇಗೆ ಇಟ್ಕೊಳ್ಳಲಿ? ಆಫೀಸಿನವರು ನನ್ನ ಮುಖಕ್ಕೆ ಉಗೀತಾರೆ. ತಪ್ಪು ನಿನ್ನದಲ್ಲ ಅಂತ ಅವರ ಕೈಯಲ್ಲೇ ಬರೆಸ್ಕೊಂಡು ಬಾ. ಮಾರನೇ ದಿನಾನೇ ಕೆಲಸಕ್ಕೆ ಬಾ.” ಅವನೊಬ್ಬನೇ ಅಲ್ಲ, ಊರಲ್ಲಿದ್ದ ಕಂಟ್ರಾಕ್ಟರುಗಳೆಲ್ಲ ಅದನ್ನೇ ಅಂದರು. ಅವಳಿಗೆ ಗೊತ್ತಿದ್ದ ಕೆಲಸ ಒಂದೇ. ಆ ಒಂದು ಸಾಲು ಅಳಿಸದೆ ಅವಳಿಗೆ ಯಾವ ಕಟ್ಟಡದ ಬಾಗಿಲೂ ತೆರೆಯುವಂತಿರಲಿಲ್ಲ.

ಕೋರ್ಟಿಗೆ ಹೋಗೋಣ ಅಂದರೆ ಅದಕ್ಕೂ ಅಡ್ಡಿ. ಕ್ಯಾನಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ. ತಕರಾರು ಇದ್ದವರು ಮೊದಲು ಇಂಥ ಸಂಧಾನ ಕೇಂದ್ರಕ್ಕೇ ಹೋಗಬೇಕಂತೆ. ಕೇಂದ್ರವನ್ನು ಆರಿಸಿದ್ದು ಯಾರು? ಕಂಪನಿ. ಅದಕ್ಕೆ ಸಂಬಳ ಕೊಡುವುದು ಯಾರು? ಅದನ್ನು ಇರುವೆಯಷ್ಟು ಚಿಕ್ಕದಾಗಿಯೂ ಬರೆದಿರಲಿಲ್ಲ.

ಗುಮಾಸ್ತ ಅವರಿಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿದ. ಮೂರು ಕುರ್ಚಿ, ಒಂದಕ್ಕೆ ಕಾಲಿಲ್ಲ. ಮೂಲೆಯಲ್ಲಿ ಹಳೇ ಫೈಲುಗಳ ರಾಶಿ. ಫ್ಯಾನಿಲ್ಲ. ಸೆಕೆಗೆ ನಾದಿನಿ ಬಾಗಿಲು ಹಾರುಹೊಡೆದಿಟ್ಟಳು.

ಸಂಧಾನ ಮಾಡಿಸುವವರು ಬಂದರು. ನಾದಿನಿ ಆ ಕ್ಷಣದಲ್ಲೇ ಅವರಿಗೆ ರಾಜಿಸಾಹೇಬರು ಅಂತ ಹೆಸರಿಟ್ಟಳು. ದುಂಡಗಿನ ಮನುಷ್ಯ, ಘಮಘಮ ಅತ್ತರು, ಬೆಣ್ಣೆಯಂಥ ಮಾತು.

“ನೋಡಮ್ಮ, ಇದು ಕೋರ್ಟಲ್ಲ. ಇಲ್ಲಿ ಸೋಲಿಲ್ಲ, ಗೆಲುವಿಲ್ಲ. ನೀನು ಈ ರೂಮಲ್ಲಿ, ಕಂಪನಿಯವರು ಆ ಕಡೇ ರೂಮಲ್ಲಿ. ನಿನ್ನ ಮಾತು ಅವರಿಗೆ, ಅವರ ಮಾತು ನಿನಗೆ ನಾನು ತಲುಪಿಸ್ತೀನಿ.”

“ಒಂದೇ ರೂಮಲ್ಲಿ ಕೂತ್ರೆ ಆಗಲ್ವಾ ಸಾಹೇಬ್ರೇ?”

“ಎದುರೆದುರು ಕೂತ್ರೆ ಮಾತಿಗೆ ಮಾತು ಬೆಳೆಯುತ್ತೆ. ಇದು ದೊಡ್ಡ ದೊಡ್ಡವರೆಲ್ಲ ಮಾಡೋ ಪದ್ಧತಿ. ಹೇಳು, ನಿನಗೇನು ಬೇಕು?”

ದೊಡ್ಡಕ್ಕ ಇದನ್ನು ಮನೆಯಲ್ಲಿ ಹತ್ತು ಸಲ ಹೇಳಿ ನೋಡಿಕೊಂಡು ಬಂದಿದ್ದಳು. “ಎರಡೇ. ತಪ್ಪು ನನ್ನದಲ್ಲ, ಆ ದ್ರಾವಣದ್ದು ಅಂತ ಬರೆದುಕೊಡ್ಬೇಕು. ಕ್ಯಾನಿನ ಮೇಲಿರೋ ಆ ನಗೋ ಹೆಂಗಸನ್ನ ತೆಗೆದು, ಕೈ ಸುಡುತ್ತೆ ಅಂತ ಹಾಕ್ಬೇಕು.”

“ದುಡ್ಡು?”

“ಆಸ್ಪತ್ರೆ ಖರ್ಚು ಕೊಟ್ರೆ ಸಾಕು.”

ರಾಜಿಸಾಹೇಬರು ಅದನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು ಹೊರಟರು. ಕಾಲು ಗಂಟೆ ಬಿಟ್ಟು ಬಂದರು. ಮುಖ ಸಪ್ಪೆ ಮಾಡಿಕೊಂಡಿದ್ದರು. “ತುಂಬ ಹೇಳಿದೆ ಕಣಮ್ಮ. ಬರೆದುಕೊಡೋ ಮಾತೇ ಎತ್ತಬೇಡಿ ಅಂದ್ಬಿಟ್ರು. ಆದರೆ ಅವರೂ ಮನುಷ್ಯರೇ ಅಲ್ವಾ. ಕರುಣೆಯಿಂದ ಒಂದಷ್ಟು ದುಡ್ಡು ಕೊಡ್ತಾರಂತೆ. ತಪ್ಪು ಯಾರದು ಅನ್ನೋದೆಲ್ಲ ಇಲ್ಲಿಗೇ ಬಿಟ್ಟುಬಿಡೋಣ.”

“ಬಿಟ್ರೆ ನನ್ನ ಮೇಲಿನ ಮಾತು ಹಾಗೇ ಉಳಿಯುತ್ತಲ್ಲ.”

“ಯೋಚನೆ ಮಾಡು” ಅಂದು ಅವರು ಮತ್ತೆ ಹೋದರು. ಅವರು ಹೋದ ಮೇಲೂ ಕೋಣೆಯಲ್ಲಿ ಅತ್ತರಿನ ಜೊತೆ ಬಿಸಿ ಕಾಫಿಯ ವಾಸನೆ ಉಳಿದಿತ್ತು.

ಅಷ್ಟರಲ್ಲಿ ಹೊರಗೆ ಪರಿಚಿತ ಸದ್ದು ಕೇಳಿತು. ಸರ್ ಸರ್, ಒಂದು ತಟ್ಟು, ಮತ್ತೆ ಸರ್ ಸರ್. ದೊಡ್ಡಕ್ಕ ಬಾಗಿಲಿಗೆ ಬಂದು ನೋಡಿದರೆ ಕುಳ್ಳಿ. ಆ ಮಹಡಿಯನ್ನು ಒರೆಸುವವಳು. ಹದಿನೈದು ವರ್ಷದ ಹಿಂದೆ ಕೋಲು ಹಿಡಿಯುವುದನ್ನು ಅವಳಿಗೆ ಹೇಳಿಕೊಟ್ಟವಳೇ ದೊಡ್ಡಕ್ಕ.

“ದೊಡ್ಡಕ್ಕ, ನೀನಿಲ್ಲಿ?”

“ರಾಜಿ ಆಗೋಕೆ ಬಂದಿದ್ದೀನಿ.”

“ಯಾರ ಜೊತೆ?”

“ಅವರ ಮುಖ ಇನ್ನೂ ತೋರಿಸಿಲ್ಲ.”

ಕುಳ್ಳಿ ನಕ್ಕು ಒರೆಸುತ್ತಾ ಹಿಂದೆ ಹಿಂದೆ ಹೋದಳು. ಉದ್ದನೆಯ ಓಣಿ. ಈ ತುದಿಯಲ್ಲಿ ಇವರ ಕೋಣೆ, ಆ ತುದಿಯಲ್ಲಿ ಕಂಪನಿಯವರದು, ನಡುವೆ ಕಿಟಕಿಯ ಹತ್ತಿರ ಕಾಫಿ ಮೆಷಿನ್ನು. ನೆಲ ಕನ್ನಡಿಯಾಯಿತು. ದೊಡ್ಡಕ್ಕನಿಗೆ ಅದನ್ನು ನೋಡಿಯೇ ಅರ್ಧ ಹೊಟ್ಟೆ ತುಂಬಿತು.

ರಾಜಿಸಾಹೇಬರು ಬಚ್ಚಲ ಕಡೆಯಿಂದ ಬಂದು ಅದೇ ಒದ್ದೆ ನೆಲದ ಮೇಲೆ ದಪದಪ ನಡೆದು ಇವರ ಕೋಣೆಗೆ ಬಂದರು. “ಏನು ಯೋಚನೆ ಮಾಡಿದೆ?” ಅಂದರು. ದೊಡ್ಡಕ್ಕ ಮೊದಲಿನದ್ದೇ ಹೇಳಿದಳು. “ಸರಿ, ಇನ್ನೊಂದ್ಸಲ ಅವರ ಕಾಲು ಹಿಡೀತೀನಿ” ಅಂತ ಹೋದರು. ಹತ್ತು ನಿಮಿಷ ಬಿಟ್ಟು ಬಂದರು. “ಒಪ್ತಾ ಇಲ್ಲ” ಅಂದರು, ಪಕ್ಕದ ಬಚ್ಚಲಿಗೆ ಹೊರಟರು.

ದೊಡ್ಡಕ್ಕ ಮಾತ್ರ ಅವರ ಮುಖ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

ಜನ ಪತ್ರಿಕೆ ಓದುತ್ತಾರೆ, ಅವಳು ನೆಲ ಓದುತ್ತಾಳೆ. ಯಾವ ಆಫೀಸಿನಲ್ಲಿ ಯಾರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಯಾರಿಗೆ ಮಂಡಿ ನೋವು, ಯಾವ ಸಾಹೇಬರು ಬೈಸಿಕೊಳ್ಳುವ ಮೊದಲು ದೊಡ್ಡ ಸಾಹೇಬರ ಬಾಗಿಲಲ್ಲಿ ಮೂರು ಸಲ ಹೋಗಿ ವಾಪಸು ಬಂದರು, ಲೆಕ್ಕದ ಮೇಜಿನವನ ಚಪ್ಪಲಿ ಟೈಪಿಂಗ್ ಹುಡುಗಿಯ ಮೇಜಿನ ಸುತ್ತ ಎಷ್ಟು ಸುತ್ತು ಹಾಕಿತು, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಆ ಇಬ್ಬರ ಮದುವೆ ಗೊತ್ತಾಗುವ ಆರು ತಿಂಗಳ ಮೊದಲೇ ಅವಳು ಮನೆಯಲ್ಲಿ ಹೇಳಿದ್ದಳು.

“ಬಾ ಇಲ್ಲಿ” ಅಂತ ನಾದಿನಿಯನ್ನು ಕರೆದಳು. “ನೋಡು. ಇದು ಸಾಹೇಬರ ಬೂಟು. ಎಡಗಾಲಿನ ಹಿಮ್ಮಡಿ ಹೊರಗಡೆ ಸವೆದಿದೆ. ಎಲ್ಲಿಗೆ ಹೋಗಿದೆ?”

ನಾದಿನಿ ಬಗ್ಗಿ ನೋಡಿದಳು. “ಕಾಫಿ ಮೆಷಿನ್ ಹತ್ರ.”

“ಅಲ್ಲಿಂದ?”

“ಕಿಟಕಿಗೆ. ಅಲ್ಲಿ ನಿಂತಿದ್ದಾರೆ. ಅಲ್ಲಿಂದ... ವಾಪಸು ಇಲ್ಲಿಗೆ.” ಅವಳು ತಲೆ ಎತ್ತಿದಳು. “ಆ ಕಡೇ ರೂಮಿಗೆ ಹೆಜ್ಜೇನೇ ಇಲ್ವಲ್ಲ ಅತ್ತಿಗೆ.”

“ಹೋಗೋವಾಗ್ಲೂ ಇಲ್ಲ, ಬರೋವಾಗ್ಲೂ ಇಲ್ಲ.”

ನಾದಿನಿಗೆ ಮೈಯೆಲ್ಲ ಉರಿದುಹೋಯಿತು. ಈಗಲೇ ಹೋಗಿ ಆ ಮನುಷ್ಯನ ಅತ್ತರು ಇಳಿಸುತ್ತೇನೆ ಅಂತ ಹೊರಟಳು. ದೊಡ್ಡಕ್ಕ ಅವಳ ರಟ್ಟೆ ಹಿಡಿದು ಕೂರಿಸಿದಳು. ಒಣಗುತ್ತಿದ್ದ ನೆಲ, ತಾನು ತಪ್ಪು ನೋಡಿರಬಹುದು. ಒಬ್ಬರ ಮೇಲೆ ಸುಳ್ಳು ಹೊರಿಸಿದರೆ ಏನಾಗುತ್ತದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕುಳ್ಳಿಯನ್ನು ಕರೆದು, “ಇನ್ನೊಂದ್ಸಲ ಒರೆಸ್ತೀಯಾ? ಆ ಕಡೇ ಬಾಗಿಲವರೆಗೂ. ನೀರು ಸ್ವಲ್ಪ ಜಾಸ್ತಿ ಇರಲಿ” ಅಂದಳು. ಕುಳ್ಳಿ ಯಾಕೆ ಅಂತ ಕೇಳಲಿಲ್ಲ. ಗೋಡೆಯಿಂದ ಗೋಡೆಗೆ, ಒಂದು ಅಂಗೈಯಷ್ಟು ಜಾಗವೂ ಒಣಗಿರದ ಹಾಗೆ ಒರೆಸಿದಳು.

ರಾಜಿಸಾಹೇಬರು ಬಂದಾಗ ದೊಡ್ಡಕ್ಕ ಅಂದಳು, “ಸಾಹೇಬ್ರೇ, ಇದೊಂದು ಮಾತು ಅವರಿಗೆ ಹೇಳಿಬಿಡಿ. ಬರೆದುಕೊಡದಿದ್ರೆ ಅವರ ದುಡ್ಡು ನನಗೆ ಬೇಡ.”

“ಅಯ್ಯೋ, ಸಿಟ್ಟಾಗ್ತಾರೆ.”

“ಆಗಲಿ.”

ಹೋದರು. ಬಂದರು. ಕರ್ಚೀಫಿನಿಂದ ಹಣೆ ಒರೆಸಿಕೊಂಡರು. “ನಾನು ಮೊದಲೇ ಹೇಳಿದ್ದೆ. ಕೆಂಡಾಮಂಡಲ ಆಗ್ಬಿಟ್ರು. ಮೇಜು ಕುಟ್ಟಿದ್ರು. ಇದೇ ಕೊನೆ ಮಾತು ಅಂದ್ರು. ಇಲ್ಲಿ ಹೆಬ್ಬೆಟ್ಟು ಒತ್ತು, ದುಡ್ಡು ತಗೊಂಡು ನೆಮ್ಮದಿಯಾಗಿ ಮನೆಗೆ ಹೋಗು. ಇಲ್ಲಾಂದ್ರೆ ಇವತ್ತಿನ ಖರ್ಚೆಲ್ಲ ನಿನ್ನ ತಲೆ ಮೇಲೆ ಬರುತ್ತೆ.”

“ಮೇಜು ಕುಟ್ಟಿದ್ರಾ?”

“ಕಾಫಿ ಲೋಟ ಚೆಲ್ಲಿಹೋಯ್ತು ಕಣಮ್ಮ.”

ನಾದಿನಿ ಬಾಯಿಗೆ ಬಟ್ಟೆ ತುರುಕಿಕೊಂಡು ಗೋಡೆ ಕಡೆ ತಿರುಗಿದಳು. ಅವಳ ಬೆನ್ನು ಕುಣಿಯುತ್ತಿತ್ತು. ದೊಡ್ಡಕ್ಕ ನಿಧಾನವಾಗಿ ಎದ್ದಳು.

“ಸಾಹೇಬ್ರೇ, ಆ ರೂಮಿಗೆ ಹಾರಿಕೊಂಡು ಹೋದ್ರಾ?”

“ಏನು?”

“ನೆಲ ನೋಡಿ. ಹೋದ ಹೆಜ್ಜೆ ಹನ್ನೊಂದು, ಬಂದ ಹೆಜ್ಜೆ ಹನ್ನೊಂದು. ಕಾಫಿ ಮೆಷಿನ್ ದಾಟಿಲ್ಲ. ನನ್ನ ಮಾತನ್ನ ಯಾರಿಗೆ ಹೇಳಿದ್ರಿ? ಮೆಷಿನ್ನಿಗಾ?”

ರಾಜಿಸಾಹೇಬರು ನೆಲ ನೋಡಿದರು. ಬಹುಶಃ ಜೀವಮಾನದಲ್ಲಿ ಮೊದಲ ಸಲ ನೋಡಿದರು. “ಅದು... ಒಂದು ವಿಧಾನ. ಎರಡೂ ಕಡೆಯವರನ್ನ ಸ್ವಲ್ಪ ತಣ್ಣಗಾಗೋಕೆ ಬಿಟ್ರೆ...”

“ನಾನು ತಣ್ಣಗೇ ಇದ್ದೆ. ಆರು ತಿಂಗಳು ತಣ್ಣಗಿದ್ದೆ. ಇನ್ನು ನನ್ನ ಮಾತು ನಾನೇ ಹೊತ್ಕೊಂಡು ಹೋಗ್ತೀನಿ.”

ಹೊಸ್ತಿಲಿಗೆ ಬಂದು ಅವಳು ನಿಂತುಬಿಟ್ಟಳು. ಎದುರಿಗೆ ಒದ್ದೆ ನೆಲ. ಒರೆಸುವವರಲ್ಲಿ ಒಂದು ಕಟ್ಟುಪಾಡಿದೆ: ಇನ್ನೊಬ್ಬಳು ಒರೆಸಿದ್ದನ್ನು ಒಣಗುವ ತನಕ ತುಳಿಯಬಾರದು. ಲೋಕವೆಲ್ಲ ತುಳಿಯುತ್ತದೆ, ಅವರು ತುಳಿಯುವುದಿಲ್ಲ. ಎಷ್ಟೋ ಸಲ ದೊಡ್ಡಕ್ಕ ಗೋಡೆಗೆ ಒರಗಿ ನಿಂತು, ನೆಲ ಒಣಗಲಿ ಅಂತ ಕಾಯುತ್ತಾ ಬಸ್ಸು ತಪ್ಪಿಸಿಕೊಂಡಿದ್ದಾಳೆ. ಮೂವತ್ತು ವರ್ಷ ಗೋಡೆ ಬದಿಯಲ್ಲೇ ನಡೆದವಳಿಗೆ ಓಣಿಯ ನಡುವೆ ಕಾಲಿಡುವುದು ಅಷ್ಟು ಸುಲಭವಲ್ಲ.

ಕುಳ್ಳಿ ಕೋಲನ್ನು ಪಕ್ಕಕ್ಕೆ ಹಿಡಿದಳು. “ತುಳಿ ದೊಡ್ಡಕ್ಕ. ಮತ್ತೆ ಒರೆಸೋದು ನಾನು ತಾನೇ.”

ದೊಡ್ಡಕ್ಕ ಚಪ್ಪಲಿ ಕಳಚಿದಳು. ಬರಿಗಾಲನ್ನು ನೆಲದ ನಟ್ಟನಡುವೆ ಇಟ್ಟಳು. ತಣ್ಣಗಿತ್ತು. ಇನ್ನೊಂದು ಇಟ್ಟಳು. ಗೋಡೆ ಕಡೆ ಹೋಗಲಿಲ್ಲ. ಕಾಫಿ ಮೆಷಿನ್ನು ದಾಟಿದಳು. ಹಿಂದೆ ಕ್ಯಾನಿನ ಚೀಲ ಹೊತ್ತ ನಾದಿನಿ, ಅವಳ ಹಿಂದೆ ಬಕೆಟ್ಟು ಹಿಡಿದ ಕುಳ್ಳಿ, ಎಲ್ಲರ ಹಿಂದೆ “ಹಾಗೆಲ್ಲ ಹೋಗೋ ಹಾಗಿಲ್ಲಮ್ಮ, ಪದ್ಧತಿ ಇದೆ” ಅನ್ನುತ್ತಾ ರಾಜಿಸಾಹೇಬರು. ಅವರ ಕಾಲು ಜಾರಿತು. ಕುಳ್ಳಿಯೇ ಹಿಡಿದುಕೊಂಡಳು.

ಆ ಕೋಣೆಯಲ್ಲಿ ಫ್ಯಾನಿತ್ತು, ಮೆತ್ತನೆಯ ಕುರ್ಚಿಗಳಿದ್ದವು, ಬಿಸ್ಕತ್ತಿತ್ತು. ಇಬ್ಬರು ಕೂತಿದ್ದರು: ಕಂಪನಿಯ ಮ್ಯಾನೇಜರ್, ಮತ್ತು ದ್ರಾವಣ ಕಲಸುವ ಕಡೆ ಪರೀಕ್ಷೆ ಮಾಡುವ ಕನ್ನಡಕದ ಹೆಂಗಸು, ಕಾರ್ಖಾನೆಯ ಕೆಮಿಸ್ಟು. ಮೇಜು ಕುಟ್ಟಿದ ಲಕ್ಷಣ ಎಳ್ಳಷ್ಟೂ ಇರಲಿಲ್ಲ. ಮ್ಯಾನೇಜರ್ ತೂಕಡಿಸುತ್ತಿದ್ದ.

“ಯಾರು ನೀವು?”

“ನಾನೇ ಅಜಾಗರೂಕತೆ” ಅಂದಳು ದೊಡ್ಡಕ್ಕ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಗುಲಾಬಿ ಬಣ್ಣದ ತೆಳು ಚರ್ಮ. ಅಲ್ಲಲ್ಲಿ ಬಿರಿದಿತ್ತು.

ಮ್ಯಾನೇಜರನ ತೂಕಡಿಕೆ ಹಾರಿಹೋಯಿತು. “ನೀವು ಒಂದು ಮನೆ ಕಟ್ಟಿಸಿಕೊಡಿ ಅಂತ ಕೇಳಿದ್ರಂತೆ. ನಮ್ಮನ್ನ ಬಾಯಿಗೆ ಬಂದ ಹಾಗೆ ಬೈತಿದ್ದೀರಂತೆ. ಅದಕ್ಕೆ ಇಲ್ಲೇ ಕೂತಿರಿ ಅಂತ ಇವರು ಬೆಳಿಗ್ಗೆ ಹೇಳಿ ಹೋದ್ರು. ಆಮೇಲೆ ಯಾರೂ ಬರಲಿಲ್ಲ.”

ನಾದಿನಿ ರಾಜಿಸಾಹೇಬರ ಕಡೆ ತಿರುಗಿದಳು. “ಮನೆ ಎಷ್ಟು ಮಹಡಿದು ಸಾಹೇಬ್ರೇ?”

ರಾಜಿಸಾಹೇಬರು ಬಿಸ್ಕತ್ತಿನ ತಟ್ಟೆ ನೋಡುತ್ತಾ ನಿಂತರು.

“ನೋಡಿ,” ಮ್ಯಾನೇಜರ್ ಸಾವರಿಸಿಕೊಂಡು ಹೇಳಿದ, “ನಿಮ್ಮ ಕೈ ನೋಡಿದ್ರೆ ಬೇಜಾರಾಗುತ್ತೆ. ಆದರೆ ಅದು ನಮ್ಮ ದ್ರಾವಣದಿಂದ ಆಗಿರೋಕೆ ಸಾಧ್ಯಾನೇ ಇಲ್ಲ. ಹೂವಿನಷ್ಟು ಮೃದು. ನಾನೇ ಬರೆದ ಸಾಲು ಅದು.”

“ಹಾಗಾದ್ರೆ ಕೈ ಅದ್ದಿ” ಅಂದಳು ದೊಡ್ಡಕ್ಕ.

ಕುಳ್ಳಿ ಹೊಸ ನೀರು ತುಂಬಿದ ಬಕೆಟ್ಟನ್ನು ಮೇಜಿನ ಮೇಲೇ ಇಟ್ಟಳು. ಮೇಜು ಒದ್ದೆಯಾಗುತ್ತೆ ಅಂದರು ರಾಜಿಸಾಹೇಬರು, ಯಾರೂ ಕೇಳಿಸಿಕೊಳ್ಳಲಿಲ್ಲ. ನಾದಿನಿ ಚೀಲದಿಂದ ಕ್ಯಾನು ತೆಗೆದು ಅಳತೆ ತಪ್ಪದ ಹಾಗೆ ಒಂದು ಮುಚ್ಚಳ ಸುರಿದಳು. ನೀರು ನೀಲಿಯಾಯಿತು.

ಮ್ಯಾನೇಜರ್ ಹೆದರುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವನು ಹೆದರಲಿಲ್ಲ. ತಾನು ಬರೆದ ಸಾಲನ್ನು ತಾನೇ ನಂಬಿದ್ದ ಪುಣ್ಯಾತ್ಮ. “ಅದಕ್ಕೇನಂತೆ” ಅಂದು ಗಡಿಯಾರ ಬಿಚ್ಚಿಟ್ಟ, ಅಂಗಿಯ ತೋಳು ಮೊಣಕೈವರೆಗೆ ಮಡಚಿದ, ಕೈ ಮುಂದೆ ಚಾಚಿದ.

ಕೆಮಿಸ್ಟು ಎದ್ದು ಅವನ ಮುಂಗೈ ಹಿಡಿದುಕೊಂಡಳು.

“ಬೇಡ ಸರ್.”

ಹಿಡಿದ ಕೈ ಬಿಡದೆಯೇ ಅವಳು ಹೇಳಿದಳು.

“ಇದು ಕಾರ್ಖಾನೆ ನೆಲಕ್ಕೆ ಮಾಡಿದ್ದು ಸರ್. ಮೆಷಿನ್ನಲ್ಲಿ ತೊಳೆಯೋದು. ಚೀಟಿ ಅಂಟಿಸೋ ಕಡೆ ಅದಲುಬದಲಾಗಿದೆ. ನಾನು ಎರಡು ಸಲ ಬರೆದು ಕಳಿಸಿದ್ದೆ.”

“ಯಾರಿಗೆ?”

“ನಿಮಗೇ ಸರ್. ನೀವು ಓದಿಲ್ಲ ಅನ್ಸುತ್ತೆ.”

ಮ್ಯಾನೇಜರನ ಕೈ ಬಕೆಟ್ಟಿನ ಮೇಲೆ ಗಾಳಿಯಲ್ಲೇ ಉಳಿಯಿತು. ಅವನು ಅದನ್ನು ಮೆಲ್ಲಗೆ ಎಳೆದುಕೊಂಡು ಅಂಗೈ ನೋಡಿಕೊಂಡ. ಆಮೇಲೆ ದೊಡ್ಡಕ್ಕನ ಅಂಗೈ ನೋಡಿದ. “ಕೂತ್ಕೊಳ್ಳಿ” ಅಂದ. ಆ ಕಟ್ಟಡದಲ್ಲಿ ಅವಳಿಗೆ ಬಹುವಚನದಲ್ಲಿ ಮಾತಾಡಿದ ಮೊದಲನೆಯವನು ಅವನು. ದೊಡ್ಡಕ್ಕ ಮೆತ್ತನೆಯ ಕುರ್ಚಿಯಲ್ಲಿ ಕೂತಳು. ನಾದಿನಿ ಬಿಸ್ಕತ್ತು ತೆಗೆದುಕೊಂಡು ಕುಳ್ಳಿಗೂ ಎರಡು ಕೊಟ್ಟಳು.

ರಾಜಿಸಾಹೇಬರಿಗೆ ಈಗ ಜೀವ ಬಂತು. ಮೊದಲೇ ಅಚ್ಚು ಹಾಕಿಸಿಟ್ಟಿದ್ದ ರಾಜಿಪತ್ರ ತಂದರು. ನಾದಿನಿ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. “ಯಾರ ತಪ್ಪೂ ಇಲ್ಲವೆಂದು ಒಪ್ಪಿ, ಸೌಹಾರ್ದದಿಂದ...”

“ಹೊಡೆದುಹಾಕಿ” ಅಂದಳು ದೊಡ್ಡಕ್ಕ. ಮ್ಯಾನೇಜರ್ ಹೊಡೆದುಹಾಕಿ ತನ್ನ ಕೈಯಾರೆ ಬರೆದ: ‘ಈ ದ್ರಾವಣ ಕೈ ಸುಟ್ಟಿದೆ. ತಪ್ಪು ಕಂಪನಿಯದು, ಒರೆಸಿದವರದಲ್ಲ. ಇಂಥ ಕ್ಯಾನುಗಳನ್ನು ಅಂಗಡಿಗಳಿಂದ ವಾಪಸು ತರಿಸಿ, ಸುಡುತ್ತದೆ ಎಂದು ಮೇಲೆ ಹಾಕುತ್ತೇವೆ. ಆಸ್ಪತ್ರೆ ಖರ್ಚು ಕೊಡುತ್ತೇವೆ.’ ನಾದಿನಿ ಮುಂದೆ ಓದಿದಳು. “ಈ ವಿಷಯವನ್ನು ಯಾರಿಗೂ, ಎಲ್ಲಿಯೂ ಹೇಳತಕ್ಕದ್ದಲ್ಲ.”

“ಅದೇನದು?”

“ಅದು ಮಾಮೂಲಿ ಸಾಲು ಕಣಮ್ಮ. ಎಲ್ಲ ರಾಜಿಯಲ್ಲೂ ಇರುತ್ತೆ” ಅಂದರು ರಾಜಿಸಾಹೇಬರು.

ಮ್ಯಾನೇಜರ್ ಕೂಡ ಇಲ್ಲಿ ಸ್ವಲ್ಪ ಗಟ್ಟಿಯಾದ. “ಇದೊಂದು ಬಿಟ್ಟುಕೊಡಿ. ನೀವು ಹೇಳಿದ ಮಿಕ್ಕಿದ್ದೆಲ್ಲ ಬರೆದಿದ್ದೀನಲ್ಲ. ಬೇಕಾದ್ರೆ ಇನ್ನೂ ಒಂದಷ್ಟು ದುಡ್ಡು ಸೇರಿಸ್ತೀನಿ.”

ದೊಡ್ಡಕ್ಕ ಬಾಗಿಲಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಕುಳ್ಳಿಯ ಕೈ ನೋಡಿದಳು. ಬರಿಗೈ. ಊರಲ್ಲಿ ಅಂಥ ಕೈ ಎಷ್ಟೋ. “ಸುಟ್ಟಿರೋದು ನನ್ನ ಕೈ ಸಾಹೇಬ್ರೇ, ಬಾಯಲ್ಲ. ಅದು ಇದ್ರೆ ನಾನು ಒತ್ತಲ್ಲ. ಬರೆದುಕೊಟ್ಟಿದ್ದನ್ನೂ ನೀವೇ ಇಟ್ಕೊಳ್ಳಿ.”

ಅವಳು ಎದ್ದು ನಿಂತಳು. ಆರು ತಿಂಗಳಿನಿಂದ ಬೇಡಿದ ಸಾಲು ಮೇಜಿನ ಮೇಲಿತ್ತು. ನಾದಿನಿಯ ಬಾಯಲ್ಲಿ ಬಿಸ್ಕತ್ತು ಅರ್ಧಕ್ಕೇ ನಿಂತಿತು. ಮ್ಯಾನೇಜರ್ ಕೆಮಿಸ್ಟಿನ ಮುಖ ನೋಡಿದ. ಅವಳು ಬೇರೆಲ್ಲೂ ನೋಡಲಿಲ್ಲ, ಅವನನ್ನೇ ನೋಡಿದಳು. ಅವನು ಪೆನ್ನು ತೆಗೆದು ಆ ಸಾಲಿನ ಮೇಲೆ ಎರಡು ಗೆರೆ ಎಳೆದ.

ದೊಡ್ಡಕ್ಕನಿಗೆ ಬರೆಯಲು ಬಾರದು. ರಾಜಿಸಾಹೇಬರು ಶಾಯಿಯ ಪ್ಯಾಡು ತಂದರು. ಅವಳು ಎಡಗೈ ಹೆಬ್ಬೆಟ್ಟು ಅದ್ದಿ ಒಂದು ಖಾಲಿ ಹಾಳೆಯ ಮೇಲೆ ಒತ್ತಿ ನೋಡಿದಳು. ಬರೀ ಕಪ್ಪು ಮಚ್ಚೆ ಬಿತ್ತು. ಒಂದು ಗೆರೆಯೂ ಇಲ್ಲ. ಬಲಗೈ ಒತ್ತಿದಳು. ಅದೂ ಹಾಗೇ. ಗೆರೆಗಳು ಬಟ್ಟೆಯ ಜೊತೆ ಹಿಂಡಿಹೋಗಿದ್ದವು.

“ಇದು ನಡೆಯಲ್ಲ” ಅಂದರು ರಾಜಿಸಾಹೇಬರು, ಸ್ವಲ್ಪ ಗೆಲುವಾಗಿಯೇ. “ಗೆರೆ ಇಲ್ಲದ ಗುರುತಿಗೆ ಬೆಲೆ ಇಲ್ಲ. ಇದನ್ನ ಯಾರು ಬೇಕಾದ್ರೂ ಒತ್ತಬಹುದು.”

ದೊಡ್ಡಕ್ಕ ತನ್ನ ಎರಡೂ ಹೆಬ್ಬೆಟ್ಟು ನೋಡಿಕೊಂಡಳು. ಒಂದು ಗಳಿಗೆ ಅವಳ ಕಣ್ಣು ತುಂಬಿತು, ಸುಳ್ಳು ಯಾಕೆ. ಆಮೇಲೆ ಅವಳಿಗೆ ನಗು ಬಂತು.

“ಕಾಲಿನದು ಆಗುತ್ತಾ?”

“ಕಾಲಾ? ಕಾಗದದ ಮೇಲೆ ಕಾಲಾ?” ರಾಜಿಸಾಹೇಬರು ಹಾವು ತುಳಿದವರ ಹಾಗೆ ಹಿಂದೆ ಸರಿದರು.

“ಗೆರೆ ತಾನೇ ಬೇಕಾಗಿರೋದು? ಕೈಯದು ನಿಮ್ಮ ಕ್ಯಾನು ತಗೊಂಡಿದೆ. ಕಾಲಿನದು ನನ್ನ ಹತ್ರ ಇನ್ನೂ ಇದೆ.”

ರಾಜಿಸಾಹೇಬರು ನಿಯಮದ ಪುಸ್ತಕ ತಿರುವಿದರು. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ. ಹೆಬ್ಬೆರಳು ಅಂತಷ್ಟೇ ಇತ್ತು. ಯಾವುದು ಅಂತ ಬರೆದಿರಲಿಲ್ಲ.

ಮ್ಯಾನೇಜರ್ ರಾಜಿಪತ್ರ ಎತ್ತಿಕೊಂಡ. ಕುರ್ಚಿ ಹಿಂದೆ ತಳ್ಳಿ ಪ್ಯಾಂಟು ಮೇಲಕ್ಕೆಳೆದು, ನೆಲದ ಮೇಲೆ ಮಂಡಿಯೂರಿ ಕೂತ. ಕಾಗದವನ್ನು ಹಾಸಿ, ಹಾರದ ಹಾಗೆ ಎರಡೂ ಮೂಲೆಗಳನ್ನು ಕೈಯಿಂದ ಒತ್ತಿ ಹಿಡಿದ. ಕೆಮಿಸ್ಟು ಪ್ಯಾಡು ಕೆಳಗಿಟ್ಟು ದೊಡ್ಡಕ್ಕನ ಮೊಣಕೈಗೆ ಆಸರೆ ಕೊಟ್ಟಳು. ದೊಡ್ಡಕ್ಕ ಬಲಗಾಲಿನ ಹೆಬ್ಬೆರಳನ್ನು ಶಾಯಿಗೆ ಅದ್ದಿದಳು.

“ಮೆಲ್ಲಗೆ ಒತ್ತಮ್ಮ, ಹರಿದೀತು” ಅಂದರು ರಾಜಿಸಾಹೇಬರು.

ಅವಳು ಇಡೀ ಮೈಯ ಭಾರ ಬಿಟ್ಟು ಒತ್ತಿದಳು. ಗೆರೆ ಒಂದೊಂದೂ ಬಿತ್ತು. ಕಂಪನಿಯ ಸಹಿ ಹಾಕಲು ಮ್ಯಾನೇಜರ್ ಮೇಲೆ ಏಳಲಿಲ್ಲ. ಅಲ್ಲೇ, ನೆಲದ ಮೇಲೆ, ಅವಳ ಕಾಲಿನ ಪಕ್ಕ ಬಗ್ಗಿ ಹಾಕಿದ.